ಹೊಕ್ಕುಳಬಳ್ಳಿ ರಕ್ತದ ಬಗ್ಗೆ ಇನ್ನಷ್ಟು ಬೇಕಿತ್ತು

ಸ್ಟೆಮ್ ಸೆಲ್, ಅಂದರೆ ದೇಹದ ಬೇರೆ ಬೇರೆ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶಗಳು, ಎಲ್ಲಿಂದ ಬರುತ್ತವೆ ಎಂದು ನಿಮ್ಮ ಲೇಖನದಲ್ಲಿ ಚೆನ್ನಾಗಿ ಹೇಳಿದ್ದೀರಿ ಸರ್. ಐದಾರು ದಿನದ ಭ್ರೂಣ, ಮೂಳೆ ಮಜ್ಜೆ, ಹೊಕ್ಕುಳಬಳ್ಳಿ, ಆಮೇಲೆ ಚರ್ಮದ ಕೋಶವನ್ನೇ ಬದಲಿಸಿ ಮಾಡುವ ಐಪಿಎಸ್ ಕೋಶ. ಜಪಾನಿನ ವಿಜ್ಞಾನಿ ಯಾಮಾನಾಕಾ ಅವರು ಇದನ್ನು 2006ರಲ್ಲಿ ಇಲಿಯ ಕೋಶದಲ್ಲಿ, 2007ರಲ್ಲಿ ಮನುಷ್ಯರ ಕೋಶದಲ್ಲಿ ಸಾಧಿಸಿದ್ದು ನಿಜಕ್ಕೂ ದೊಡ್ಡ ಕೆಲಸ. ಭ್ರೂಣ ಮುಟ್ಟದೆಯೇ ಅಂಥ ಕೋಶ ಸಿಕ್ಕಿತು.

ಆದರೆ ಹೊಕ್ಕುಳಬಳ್ಳಿಯನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಮ್ಮ ಗಂಗಾವತಿ ಕಡೆಯವರಿಗೆ ಜಾಸ್ತಿ ಬೇಕಾಗಿರುವುದು ಅದೇ. ನನ್ನ ತಂಗಿ ಬಸುರಿಯಾಗಿದ್ದಾಗ ಬಳ್ಳಿ ರಕ್ತವನ್ನು ಶೇಖರಿಸಿಡುವ ಒಂದು ಖಾಸಗಿ ಬ್ಯಾಂಕಿನವರು ಮನೆಗೇ ಬಂದಿದ್ದರು. ಬಳ್ಳಿ ರಕ್ತ ಇಟ್ಟರೆ ಮಗುವಿಗೆ ಮುಂದೆ ಯಾವ ಕಾಯಿಲೆ ಬಂದರೂ ಭಯವಿಲ್ಲ ಅಂದರು. ಇದು ತಪ್ಪು. ಥಲಸ್ಸೇಮಿಯಾದಂಥ ವಂಶದಿಂದ ಬಂದ ರಕ್ತದ ಕಾಯಿಲೆ ಇದ್ದರೆ ಮಗುವಿನ ಸ್ವಂತ ಬಳ್ಳಿ ರಕ್ತದಲ್ಲೂ ಅದೇ ದೋಷ ಇರುತ್ತದೆ ಅಲ್ವಾ? ಆಗ ಬೇಕಾಗುವುದು ಹೊಂದಿಕೆಯಾಗುವ ಬೇರೆಯವರ ಕೋಶ. ಒಡಹುಟ್ಟಿದವರದು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. 1988ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಬಾರಿ ಬಳ್ಳಿ ರಕ್ತ ಕಸಿ ಮಾಡಿದಾಗಲೂ ಹುಡುಗನಿಗೆ ಕೊಟ್ಟಿದ್ದು ಅವನ ತಂಗಿಯದು.

ಮಂಡಿನೋವು, ಆಟಿಸಂ, ಸಕ್ಕರೆ ಕಾಯಿಲೆಗೆ ಸ್ಟೆಮ್ ಸೆಲ್ ಇಂಜೆಕ್ಷನ್ ಎಂದು ದುಡ್ಡು ಕೀಳುವವರೂ ಇದ್ದಾರೆ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ನೋಡಿ. ರಕ್ತದ ಕಾಯಿಲೆಗಳಿಗೆ ಮಾಡುವಂಥ ಕಸಿ ಬಿಟ್ಟರೆ ಉಳಿದದ್ದೆಲ್ಲ ಇನ್ನೂ ಪ್ರಯೋಗದ ಹಂತ, ಚಿಕಿತ್ಸೆ ಎಂದು ಮಾರುವಂತಿಲ್ಲ. ದಯವಿಟ್ಟು ಇದರ ಮೇಲೆಯೇ ಇನ್ನೊಂದು ಲೇಖನ ಬರೆಯಿರಿ. ಪ್ರಿಂಟ್ ತೆಗೆದು ನಮ್ಮೂರ ಆಶಾ ಕಾರ್ಯಕರ್ತೆಯರಿಗೆ ನಾನೇ ಕೊಡುತ್ತೇನೆ.