ಸಚಿವರ ಡೇಟ್ ಸಿಕ್ಕಿದ ದಿನವೇ ಪತ್ರಿಕಾ ದಿನ

ಜುಲೈ 1 ಪತ್ರಿಕಾ ದಿನ. 1843ರಲ್ಲಿ ಅವತ್ತೇ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂತು. ನಮ್ಮ ಜಿಲ್ಲೆಯಲ್ಲಿ ಮಾತ್ರ ಜುಲೈ 1 ಯಾವತ್ತು ಬರುತ್ತದೆ ಅನ್ನೋದನ್ನು ಉಸ್ತುವಾರಿ ಸಚಿವರ ಪಿಎ ಹೇಳಬೇಕು. ಒಂದು ವರ್ಷ ಜುಲೈ ಕೊನೆಗೆ ಬಂದಿತ್ತು, ಇನ್ನೊಂದು ವರ್ಷ ಆಗಸ್ಟ್‌ಗೆ.

ವೇದಿಕೆಯಲ್ಲಿ ಹರ್ಮನ್ ಮೊಗ್ಲಿಂಗ್ ಫೋಟೋಗೆ ಹಾರ. ಬಾಸೆಲ್ ಮಿಷನ್ನಿನ ಈ ಜರ್ಮನ್ ಪಾದ್ರಿ ಹದಿನೈದು ದಿನಕ್ಕೊಮ್ಮೆ ಕಲ್ಲಚ್ಚಿನಲ್ಲಿ, ಅಂದರೆ ಕಲ್ಲಿನ ಮೇಲೆ ಬರೆದು ಅಚ್ಚು ಹಾಕಿ, ಈ ಪತ್ರಿಕೆ ತರುತ್ತಿದ್ದರು. ವರ್ಷ ತುಂಬುವ ಮೊದಲೇ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಆಯಿತು. ಅಲ್ಲಿ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುವ ಸೌಕರ್ಯ ಇತ್ತು. ಆಮೇಲೆ ಅದೂ ನಿಂತಿತು. ಭಾಷಣದಲ್ಲಿ ಈ ಭಾಗ ಬರುವುದಿಲ್ಲ. ‘ಅಂದಿನಿಂದ ಇಂದಿನವರೆಗೆ’ ಅಂತ ಒಂದೇ ಜಿಗಿತಕ್ಕೆ 180 ವರ್ಷ ದಾಟಿ ನಮ್ಮೂರಿನ ದಿನಪತ್ರಿಕೆಗೆ ಬಂದು ಬೀಳುತ್ತಾರೆ.

ಯಾಕೆ ನಿಂತಿತು ಅಂತ ನಮ್ಮೂರ ಜಾಹೀರಾತು ಮ್ಯಾನೇಜರನ್ನು ಕೇಳಿ. ಪಾದ್ರಿಗೆ ವ್ಯವಹಾರ ಗೊತ್ತಿರಲಿಲ್ಲ! ಪುಟದ ತುಂಬ ಓದುವುದನ್ನೇ ಹಾಕಿದರೆ ಪತ್ರಿಕೆ ಉಳಿಯುತ್ತದಾ? ಇಲ್ಲಿ ನೋಡಿ, ಮುಖಪುಟದಲ್ಲಿ ನಾಯಕರ ಹುಟ್ಟುಹಬ್ಬ. ಮಧ್ಯೆ ಕೈಮುಗಿದ ನಾಯಕರು, ಸುತ್ತ ಶುಭ ಕೋರುವವರ ಮೂವತ್ತು ತಲೆ, ಕೆಳಗೆ ‘ಮತ್ತು ಅಭಿಮಾನಿ ಬಳಗ’. ಒಳಪುಟದಲ್ಲಿ ಇರುವೆಯಷ್ಟು ಅಕ್ಷರದಲ್ಲಿ ಟೆಂಡರ್ ಪ್ರಕಟಣೆ. ಅದು ಎಲ್ಲರಿಗೂ ಗೊತ್ತಾಗಲಿ ಅಂತ ಹಾಕಿಸುವುದು. ಗೊತ್ತಾಗಬೇಕಾದವರಿಗೆ ಮೊದಲೇ ಗೊತ್ತಿರುತ್ತದೆ ಬಿಡಿ. ಉಳಿದವರು ಆವತ್ತಿನ ಪೇಪರ್ ಕೇಳಿದರೆ ಅಂಗಡಿಗೇ ಬಂದಿರುವುದಿಲ್ಲ. ಬಿಲ್ಲಿಗೆ ಲಗತ್ತಿಸುವಷ್ಟೇ ಪ್ರತಿ ಅಚ್ಚಾಗಿರುತ್ತದೆ.

ವರದಿಗಾರನಿಗೆ ಐಡಿ ಕಾರ್ಡ್ ಇದೆ, ಸಂಬಳ ಇಲ್ಲ. ಜಾಹೀರಾತು ತಂದರೆ ಕಮಿಷನ್. ಪಾಪ, ಬರೆಯುವುದೂ ಅವನೇ, ವಸೂಲಿಗೆ ಅಲೆಯುವುದೂ ಅವನೇ. ಕಟ್ಟಿಕೊಂಡ ಚರಂಡಿ ಬಗ್ಗೆ ಅವನು ಬರೆದದ್ದು ನಗರಸಭೆ ಅಧ್ಯಕ್ಷರ ಹುಟ್ಟುಹಬ್ಬ ಮುಗಿಯುವ ತನಕ ಡ್ರಾಯರ್‌ನಲ್ಲೇ ಇರುತ್ತದೆ. ಅಷ್ಟರಲ್ಲಿ ಉಪಾಧ್ಯಕ್ಷರ ಹುಟ್ಟುಹಬ್ಬ ಬರುತ್ತದೆ.

ಅಂತೂ ಪತ್ರಿಕಾ ದಿನ ಮುಗಿಯಿತು. ಮರುದಿನ ವರದಿಯಲ್ಲಿ ಮೊಗ್ಲಿಂಗ್‌ಗೆ ಅರ್ಧ ಸಾಲು, ಸಚಿವರ ಮಾತಿಗೆ ಎರಡು ಸಾಲು, ‘ವೇದಿಕೆಯಲ್ಲಿ ಉಪಸ್ಥಿತರಿದ್ದರು’ ಅನ್ನುವ ಪಟ್ಟಿಗೆ ಒಂದಿಡೀ ಕಾಲಂ. ಆದರೂ ಒಂದು ಹೆಸರು ಬಿಟ್ಟುಹೋಗಿತ್ತು. ಶಾಮಿಯಾನ ಕೊಡಿಸಿದ ಗುತ್ತಿಗೆದಾರರದ್ದು. ಬೆಳಗ್ಗೆ ಏಳಕ್ಕೇ ಸಂಪಾದಕರಿಗೆ ಫೋನ್. ಮಾರನೇ ದಿನ ಮುಖಪುಟದಲ್ಲಿ ಬಾಕ್ಸ್ ಕಟ್ಟಿ, ಫೋಟೋ ಸಮೇತ ‘ವಿಷಾದಿಸುತ್ತೇವೆ’ ಅಂತ ಬಂತು. ಅವರ ಹುಟ್ಟುಹಬ್ಬ ಮುಂದಿನ ವಾರವೇ ಇತ್ತು.