ಲಿಂಕನ್ ಶಾಲೆಯನ್ನು ಮರೆತಿರಲ್ಲ?

ನ್ಯೂಯಾರ್ಕಿನ ಬ್ರಾಂಕ್ಸ್ ಸೈನ್ಸ್ ಹೈಸ್ಕೂಲಿನಿಂದ ಇಷ್ಟೊಂದು ನೊಬೆಲ್ ವಿಜೇತರು ಬರಲು ಅಲ್ಲಿನ ಪ್ರವೇಶ ಪರೀಕ್ಷೆಯೇ ಕಾರಣ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನನಗೆ ಒಪ್ಪಿಗೆಯಿಲ್ಲ. ಅದೇ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಅಬ್ರಹಾಂ ಲಿಂಕನ್ ಹೈಸ್ಕೂಲ್ ಇದೆ. ಅಕ್ಕಪಕ್ಕದ ಬೀದಿಗಳ ಮಕ್ಕಳು ಓದುತ್ತಿದ್ದ ಸಾದಾ ಸರ್ಕಾರಿ ಶಾಲೆ. ಆರ್ಥರ್ ಕಾರ್ನ್‌ಬರ್ಗ್ (1959), ಪಾಲ್ ಬರ್ಗ್ (1980), ಜೆರೋಮ್ ಕಾರ್ಲ್ (1985), ಈ ಮೂರೂ ನೊಬೆಲ್ ಅಲ್ಲಿ ಓದಿದವರದ್ದೇ. ನಾಟಕಕಾರ ಆರ್ಥರ್ ಮಿಲ್ಲರ್ ಕೂಡ ಅಲ್ಲಿಯ ಹುಡುಗ.

ಬರ್ಗ್ ತಮ್ಮ ಬದುಕಿನ ಬಗ್ಗೆ ಬರೆಯುವಾಗ ನೆನೆಯುವುದು ಲಿಂಕನ್ ಶಾಲೆಯ ಸೋಫಿ ವುಲ್ಫ್ ಅವರನ್ನು. ಅವರ ಕೆಲಸ ಲ್ಯಾಬಿನ ಸಾಮಾನುಗಳ ಕೋಣೆ ನೋಡಿಕೊಳ್ಳುವುದು, ಅಷ್ಟೇ. ಆದರೆ ಶಾಲೆ ಬಿಟ್ಟ ಮೇಲೆ ವಿಜ್ಞಾನ ಕ್ಲಬ್ ನಡೆಸುತ್ತಿದ್ದರು. ಪ್ರಶ್ನೆ ಕೇಳಿದರೆ ನೇರ ಉತ್ತರ ಕೊಡುತ್ತಿರಲಿಲ್ಲ, ನೀವೇ ಹುಡುಕಿ ಎನ್ನುತ್ತಿದ್ದರು. (ನಮ್ಮ ಹೈಸ್ಕೂಲಿನ ಲ್ಯಾಬಿಗೆ ಮೂರು ವರ್ಷ ಬೀಗ. ತೆಗೆದಿದ್ದು ಇನ್‌ಸ್ಪೆಕ್ಟರ್ ಬಂದ ದಿನ ಮಾತ್ರ!)

ಇನ್ನೊಂದು ವಿಷಯ ನೀವು ಮುಟ್ಟಲೇ ಇಲ್ಲ. ಕಾರ್ನ್‌ಬರ್ಗ್, ಕಾರ್ಲ್ ಇಬ್ಬರೂ ಮುಂದೆ ಓದಿದ್ದು ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ, 1937ರಲ್ಲಿ ಪದವಿ. ಆಗ ಅಲ್ಲಿ ಬೋಧನಾ ಶುಲ್ಕವೇ ಇರಲಿಲ್ಲ. ಕಾರ್ನ್‌ಬರ್ಗ್ ಅವರ ತಂದೆಯದ್ದು ಸಣ್ಣ ಹಾರ್ಡ್‌ವೇರ್ ಅಂಗಡಿ. ಫೀಸು ಕಟ್ಟಬೇಕಾಗಿದ್ದರೆ ಹುಡುಗ ಅಂಗಡಿಯಲ್ಲೇ ಮೊಳೆ ತೂಗುತ್ತಾ ಕೂರಬೇಕಿತ್ತೇನೋ. ಪರೀಕ್ಷೆ ಜಾಣ ಮಕ್ಕಳನ್ನು ಒಂದು ಕಡೆ ಸೇರಿಸುತ್ತದೆ, ಸರಿ. ಮುಂದೆ ಭೌತಶಾಸ್ತ್ರದ ನೊಬೆಲ್ ಪಡೆದ ಸ್ಟೀವನ್ ವೈನ್‌ಬರ್ಗ್, ಶೆಲ್ಡನ್ ಗ್ಲಾಷೊ ಬ್ರಾಂಕ್ಸ್ ಸೈನ್ಸ್‌ನಲ್ಲಿ ಸಹಪಾಠಿಗಳಾಗಿದ್ದು ಹಾಗೆಯೇ. ಆದರೆ ಲಿಂಕನ್ ಶಾಲೆಯ ಲೆಕ್ಕ ಇದರಿಂದ ಬಗೆಹರಿಯುವುದಿಲ್ಲ, ಅಲ್ವಾ?