ಬಸ್ಯಾನ ಗುರುವಾರ

2024ರಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಒಂದು ವರದಿ ಹೊರಡಿಸಿತು. ಹಿಂದಿನ ಮೂರು ವರ್ಷ, ಮುಂದೆ ದರ ಏರುತ್ತೋ ಇಳಿಯುತ್ತೋ ಅಂತ ಕಟ್ಟುವ ಫ್ಯೂಚರ್ಸ್, ಆಪ್ಷನ್ಸ್ ಕರಾರುಗಳನ್ನು ಆಡಿದ ನನ್ನಂಥವರಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡವರೇ. ಅದೇ ವರದಿಯಲ್ಲಿ ಇನ್ನೊಂದು ಮಾತಿತ್ತು: ವಿದೇಶಿ ಹೂಡಿಕೆದಾರರು ಇದರಲ್ಲಿ ಗಳಿಸಿದ ಲಾಭದಲ್ಲಿ ಶೇ 97ರಷ್ಟು ಬಂದದ್ದು ಆಲ್ಗೊಗಳಿಂದ, ಅಂದರೆ ತಾವೇ ಕೊಂಡು ಮಾರುವ ಕಂಪ್ಯೂಟರ್ ಪ್ರೋಗ್ರಾಂಗಳಿಂದ. ಬುದ್ಧಿ ಇದ್ದವನು ಮೊದಲ ಮಾತು ಓದಿ ಆ್ಯಪ್ ಅಳಿಸಿಹಾಕುತ್ತಿದ್ದ. ನಾನು ಎರಡನೆಯದನ್ನು ಓದಿ ಪೈಥಾನ್ ಕೋಡಿಂಗ್ ಕಲಿಯಲು ಕುಳಿತೆ.

ವಿದ್ಯಾನಗರದ ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಮೂರು ತಿಂಗಳು ಕೂತು ಷೇರು ಸೂಚ್ಯಂಕ ನಿಫ್ಟಿಗೊಂದು ಬಾಟ್, ಅಂಥದ್ದೇ ಪ್ರೋಗ್ರಾಂ, ಬರೆದೆ. ಲೆಕ್ಕ ಸರಳ. ಸಣ್ಣ ಅವಧಿಯ ಸರಾಸರಿ ಗೆರೆ ದೊಡ್ಡ ಅವಧಿಯ ಗೆರೆಯನ್ನು ದಾಟಿ ಮೇಲೆ ಹೋದರೆ ಕೊಳ್ಳು, ಕೆಳಗಿಳಿದರೆ ಮಾರು. ಹೇಳಿದ್ದಕ್ಕೆಲ್ಲ ಗೋಣು ಹಾಕುವ ಕೋಲೆ ಬಸವನಂತೆ ಕಂಡಿತು. ಬಸ್ಯಾ ಅಂತ ಹೆಸರಿಟ್ಟೆ.

ಹಳೆಯ ಐದು ವರ್ಷದ ದರಗಳ ಮೇಲೆ ಅವನನ್ನು ಓಡಿಸಿ ನೋಡಿದೆ. 20 ಮತ್ತು 50 ನಿಮಿಷದ ಸರಾಸರಿ ಇಟ್ಟರೆ ನಷ್ಟ. 17 ಮತ್ತು 43 ಇಟ್ಟೆ ನೋಡಿ, ಲಾಭವೋ ಲಾಭ! ಉತ್ತರ ಪತ್ರಿಕೆ ಎದುರಿಗಿಟ್ಟುಕೊಂಡು ಪರೀಕ್ಷೆ ಬರೆದ ಹಾಗೆ ಇದು ಅಂತ ಆಗ ಹೊಳೆಯಲಿಲ್ಲ. ಬ್ರೋಕರೇಜ್, ಎಸ್‌ಟಿಟಿ ಎಂಬ ವಹಿವಾಟು ತೆರಿಗೆ, ಕೇಳಿದ ದರಕ್ಕೂ ಸಿಕ್ಕ ದರಕ್ಕೂ ಇರುವ ಅಂತರ ಎಲ್ಲ ಕಳೆದ ಮೇಲೆ ಉಳಿದದ್ದು ಗಿರ್ಮಿಟ್, ಮಿರ್ಚಿಗಾಗುವಷ್ಟು. ಆದರೂ ಲಾಭ ಲಾಭವೇ ಅಲ್ವಾ?

ಮನೆಯ ಕರೆಂಟ್ ನಂಬಲಾಗದೆ, ಬಸ್ಯಾನನ್ನು ಬಾಡಿಗೆ ಸರ್ವರ್‌ನಲ್ಲಿ ಕಟ್ಟಿದೆ. ಪೇಟೆ ತೆರೆಯುವ 9.15ಕ್ಕೆ ಏಳು ಅಂತ ಬರೆದಿದ್ದೆ. ಮೊದಲ ದಿನ ಜಳಕ ಮಾಡಿ, ಕುಂಕುಮ ಹಚ್ಚಿಕೊಂಡು ಕಾದೆ. ಏಳಲೇ ಇಲ್ಲ. ಮಧ್ಯಾಹ್ನ ರೊಟ್ಟಿ ಉಂಡು ಅಡ್ಡಾಗಿದ್ದೆ, 2.45ಕ್ಕೆ ಆರ್ಡರ್ ಮೇಲೆ ಆರ್ಡರ್! ಸರ್ವರ್‌ನ ಗಡಿಯಾರ ಗ್ರೀನಿಚ್ ಸಮಯದಲ್ಲಿತ್ತು, ನಮಗಿಂತ ಐದೂವರೆ ತಾಸು ಹಿಂದೆ. ‘ಬಸ್ಯಾ ರಾತ್ರಿ ಪಾಳಿ ಮಾಡಿ ಬಂದಾನೇನು?’ ಅಂದಳು ಅವ್ವ.

ಗಡಿಯಾರ ಸರಿಮಾಡಿದೆ. ನನ್ನ ಕೈ ಸರಿಮಾಡಲು ಆಗಲಿಲ್ಲ. ಒಂದು ದಿನ ಬಸ್ಯಾ ಒಂದು ಲಾಟ್ ಫ್ಯೂಚರ್ಸ್ ಕೊಂಡ. ಲಾಟ್ ಅಂದರೆ ಒಮ್ಮೆಗೆ ಕೊಳ್ಳಬೇಕಾದ ಕನಿಷ್ಠ ಕಟ್ಟು, ಆಗ 75. ನಿಫ್ಟಿ ಒಂದು ಪಾಯಿಂಟ್ ಇಳಿದರೆ 75 ರೂಪಾಯಿ ಹೋಯಿತು. 20 ಪಾಯಿಂಟ್ ಇಳಿಯುವಷ್ಟರಲ್ಲಿ ನನಗೆ ಎದೆ ಡವಡವ. ಮೊಬೈಲ್‌ನಿಂದ ನಾನೇ ಮಾರಿ, ಸಮಾಧಾನವಾಗಿ ಉಣಕಲ್ ಕೆರೆ ಕಡೆ ವಾಕಿಂಗ್ ಹೋದೆ. ಬಸ್ಯಾನಿಗೆ ಹೇಳಿರಲಿಲ್ಲ. ಅವನು ತನ್ನ ಸ್ಟಾಪ್‌ಲಾಸ್, ಅಂದರೆ ನಷ್ಟ ಇಷ್ಟೇ ಸಾಕು ಅಂತ ಹಾಕಿದ ಗೆರೆ, ಬಂದಾಗ ನಿಷ್ಠೆಯಿಂದ ಇನ್ನೊಮ್ಮೆ ಮಾರಿದ. ಅಂದರೆ ಇಲ್ಲದ ಮಾಲು ಮಾರಿ ಕೂತಿದ್ದೆವು, ಇನ್ನು ದರ ಏರಿದಷ್ಟೂ ನಷ್ಟ. ನಾನು ತಿರುಗಿ ಬರುವಷ್ಟರಲ್ಲಿ ನಿಫ್ಟಿ 60 ಪಾಯಿಂಟ್ ಏರಿತ್ತು. 4,500 ರೂಪಾಯಿ. ಇಷ್ಟು ದುಬಾರಿ ವಾಕಿಂಗ್ ಹುಬ್ಬಳ್ಳಿಯಲ್ಲಿ ಇನ್ಯಾರೂ ಮಾಡಿರಲಿಕ್ಕಿಲ್ಲ.

ಫ್ಯೂಚರ್ಸ್ ಬಿಟ್ಟೆ. ಇನ್ನು ವಾರಕ್ಕೊಮ್ಮೆ, ಕರಾರು ಮುಗಿಯುವ ಗುರುವಾರದ ಎಕ್ಸ್‌ಪೈರಿ ದಿನ, ಅಗ್ಗದ ಆಪ್ಷನ್ ಮಾತ್ರ. ಅವ್ವನಿಗೆ ಗುರುವಾರ ಅಂದರೆ ರಾಯರ ವಾರ, ಒಪ್ಪೊತ್ತು. ‘ಬಸ್ಯಾಂದೂ ಗುರುವಾರನಾ? ಚೊಲೋ ಆತು ಬಿಡು’ ಅಂದಳು. ಆಕೆಗೆ ಅವನ ಮೇಲೆ ಅಕ್ಕರೆ ಹುಟ್ಟಿದ್ದೇ ಆವತ್ತು.

2025ರ ಸೆಪ್ಟೆಂಬರಿನಿಂದ ನಿಫ್ಟಿ ಎಕ್ಸ್‌ಪೈರಿ ಮಂಗಳವಾರಕ್ಕೆ ಹೋಯಿತು. ಪೇಪರಿನಲ್ಲಿ ಓದಿದ್ದೆ. ಕೋಡ್ ಬದಲಿಸಬೇಕು ಅಂತ ಮೂರು ಸಲ ಅಂದುಕೊಂಡೂ ಇದ್ದೆ. ಆ ಗುರುವಾರ ಬೆಳಗ್ಗೆ ಅವ್ವ ನನ್ನ ಮೊಬೈಲಿನಲ್ಲಿ ರಾಯರ ಹಾಡು ಹಚ್ಚಿ, ದೇವರ ಮುಂದೆ ಇಟ್ಟಿದ್ದಳು. ಬಸ್ಯಾ ಎದ್ದ. ಅಂದೇ ಮುಗಿಯುವ ನಿಫ್ಟಿ ಆಪ್ಷನ್ ಹುಡುಕಿದ. ಎಲ್ಲಿದೆ? ಆರ್ಡರ್ ಆಗದಿದ್ದರೆ ಮತ್ತೆ ಪ್ರಯತ್ನಿಸು, ಪ್ರತಿ ಸಲ ನನಗೆ ತಿಳಿಸು ಅಂತ ನಾನೇ ಬರೆದಿದ್ದೆ. ಎಷ್ಟು ಸಲ ಅಂತ ಬರೆದಿರಲಿಲ್ಲ.

ಟಿಣ್. ಟಿಣ್. ಟಿಣ್. ಸೆಕೆಂಡಿಗೊಂದು.

ಮೇಲಿನಿಂದ ಓಡಿ ಬಂದೆ. ಗಂಟೆ ಮಣೆಯ ಮೇಲೇ ಇತ್ತು. ಅವ್ವ ಒಂದು ಕೈಯಲ್ಲಿ ಆರತಿ ಬೆಳಗುತ್ತಾ, ಇನ್ನೊಂದು ಕೈಯನ್ನು ನನಗೆ ಅಡ್ಡ ಹಿಡಿದಳು.

‘ತಡಿ, ಮುಟ್ಟಬ್ಯಾಡ. ಆರತಿ ಮುಗಿಯೋತನಕಾ ಬಾರಸ್ಲಿ. ಇವತ್ತರ ಉಪಯೋಗಕ್ಕ ಬಂದಾನ.’